ಜನರ ದಾಹ, ಬೆಳೆಯ ದಾಹ

ವಿಜಯಪುರ ಜಿಲ್ಲೆಯ ನೀರಿನ ಕೊರತೆಯ ಚರ್ಚೆ ಬಂದಾಗಲೆಲ್ಲ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, ಮಳೆ ಕಡಿಮೆ; ಇನ್ನೊಂದು, ಜನ ಹೆಚ್ಚು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಇಂದಿನ ಸಂಕಟಕ್ಕೆ ಇವು ಪೂರ್ಣ ವಿವರಣೆಯಾಗಲಾರವು ಎಂಬುದು ನನ್ನ ಅಭಿಪ್ರಾಯ.

ಮೊದಲು ಮಳೆಯ ಮಾತು. ಭೂಮಿಯ ಮೇಲಿನ ನೀರಿನಲ್ಲಿ ಸುಮಾರು ಶೇ 97ರಷ್ಟು ಸಮುದ್ರದ ಉಪ್ಪುನೀರು. ಅದು ಆವಿಯಾಗುವಾಗ ಉಪ್ಪು ಅಲ್ಲಿಯೇ ಉಳಿದು, ಸಿಹಿನೀರು ಮಾತ್ರ ಮೋಡವಾಗುತ್ತದೆ. ಅರಬ್ಬಿ ಸಮುದ್ರದಿಂದ ಹೊರಟ ಮುಂಗಾರಿನ ಮೋಡಗಳು ತಮ್ಮ ಭಾರದ ಬಹುಪಾಲನ್ನು ಸಹ್ಯಾದ್ರಿಯಲ್ಲೇ ಇಳಿಸಿಬಿಡುತ್ತವೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5 ಸಾವಿರ ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಮಳೆನೆರಳಿನ ಈ ಸೀಮೆಯಲ್ಲಿ 600 ಮಿ.ಮೀ. ಆಸುಪಾಸು. ಉತ್ತರದ ಇಂಡಿ, ಸಿಂದಗಿಗೆ ಭೀಮೆ, ದಕ್ಷಿಣದ ಬಾಗೇವಾಡಿ, ಮುದ್ದೇಬಿಹಾಳಕ್ಕೆ ಕೃಷ್ಣೆ ಸಹ್ಯಾದ್ರಿಯ ಆ ಮಳೆಯನ್ನೇ ಹೊತ್ತು ತರುತ್ತವೆ.

ಇನ್ನು ಜನಸಂಖ್ಯೆ. ಅನ್ನದ ಮಿತಿ ಜನಸಂಖ್ಯೆಗೆ ಕಡಿವಾಣ ಹಾಕುತ್ತದೆ ಎಂದು ಮಾಲ್ಥಸ್ 1798ರಲ್ಲಿ ವಾದಿಸಿದ. ಅದರ ಘೋರ ರೂಪವನ್ನು ಈ ನೆಲ ಕಂಡಿದೆ. ಆಗಿನ ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿ ಸುಮಾರು 8.16 ಲಕ್ಷ ಜನರಿದ್ದರು. 1876–78ರ ಬರಗಾಲದ ನಂತರ, 1881ರ ಗಣತಿಯಲ್ಲಿ ಉಳಿದವರು 6.38 ಲಕ್ಷ. 2011ರಲ್ಲಿ ಇಂದಿನ ವಿಜಯಪುರ ಜಿಲ್ಲೆಯೊಂದರಲ್ಲೇ 21.77 ಲಕ್ಷ ಜನರಿದ್ದರು. ರೈಲು, ಪಡಿತರ, ಜಲಾಶಯಗಳು ಹಸಿವಿನ ಸಾವನ್ನು ತಡೆದಿವೆ. ಆದರೆ ನೀರಿನ ಲೆಕ್ಕ ಇತ್ಯರ್ಥವಾಗಿಲ್ಲ.

ಆ ಲೆಕ್ಕವನ್ನೇ ಮಾಡಿ ನೋಡೋಣ. ಜಲಜೀವನ್ ಮಿಷನ್ ನಿಗದಿಪಡಿಸಿದ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಕೊಟ್ಟರೆ, 21.77 ಲಕ್ಷ ಜನರಿಗೆ ವರ್ಷಕ್ಕೆ ಬೇಕಾಗುವುದು ಸುಮಾರು ಒಂದೂವರೆ ಟಿಎಂಸಿ ಅಡಿ. ಆಲಮಟ್ಟಿ ಜಲಾಶಯದ ಸಾಮರ್ಥ್ಯ 123 ಟಿಎಂಸಿ ಅಡಿ. ಕಬ್ಬಿಗೆ 1,500ರಿಂದ 2,500 ಮಿ.ಮೀ. ನೀರು ಬೇಕು. 2,000 ಎಂದು ಹಿಡಿದು, ಮಳೆಯಿಂದ ದೊರೆಯುವ 500 ಮಿ.ಮೀ. ಕಳೆದರೂ, ಜಿಲ್ಲೆಯ ಜನರ ಆ ಒಂದು ವರ್ಷದ ನೀರು ಕೇವಲ 3 ಸಾವಿರ ಹೆಕ್ಟೇರ್ ಕಬ್ಬಿಗೆ ಸರಿಹೋಗುತ್ತದೆ. ಅಂದರೆ ನೀರನ್ನು ಮುಗಿಸುತ್ತಿರುವುದು ಜನರ ದಾಹವಲ್ಲ, ಬೆಳೆಯ ದಾಹ.

ಇದರ ಇನ್ನೊಂದು ಮುಖ ಉಪ್ಪು. ಸಮುದ್ರದಲ್ಲಿ ನಡೆಯುವ ಕ್ರಿಯೆಯೇ ಅತಿಯಾಗಿ ನೀರುಣಿಸಿದ ಹೊಲದಲ್ಲೂ ನಡೆಯುತ್ತದೆ: ನೀರು ಆವಿಯಾಗಿ ಹೋಗುತ್ತದೆ, ಲವಣ ಮಣ್ಣಿನಲ್ಲಿ ಉಳಿಯುತ್ತದೆ. ನೀರು ಸುಲಭವಾಗಿ ಬಸಿಯದ ಎರೆಭೂಮಿ ಹೀಗೆ ಸವಳು-ಜವಳಾಗುತ್ತದೆ. ಅದೇ ಎರೆಭೂಮಿ ಮಳೆಯ ತೇವವನ್ನು ಹಿಡಿದಿಟ್ಟುಕೊಂಡು ಹಿಂಗಾರಿಯ ಬಿಳಿಜೋಳ, ಕಡಲೆಗಳನ್ನು ಬೆಳೆಸುತ್ತ ಬಂದಿದೆ ಎಂಬುದನ್ನು ಮರೆಯಬಾರದು.

ಇದಕ್ಕೆ ರೈತರನ್ನು ದೂರುವುದು ಅನ್ಯಾಯ. ಕಬ್ಬಿಗೆ ಕಾನೂನುಬದ್ಧ ದರವಿದೆ. ಜೋಳಕ್ಕೆ ಬೆಂಬಲ ಬೆಲೆ ಘೋಷಣೆಯಾದರೂ ಖರೀದಿಯ ಖಾತರಿಯಿಲ್ಲ. ಕಾಲುವೆ ನೀರಿಗೆ ಕರ ವಿಧಿಸುವುದು ಎಕರೆ ಲೆಕ್ಕದಲ್ಲಿ, ಅಳತೆಯ ಲೆಕ್ಕದಲ್ಲಲ್ಲ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಹೆಚ್ಚುವರಿ ನೀರಿಗೆ ಹೆಚ್ಚುವರಿ ಬೆಲೆಯಿಲ್ಲದಿದ್ದಾಗ ಅದನ್ನು ಮಿತವಾಗಿ ಬಳಸಬೇಕೆಂದು ಯಾರಿಗೆ ಅನ್ನಿಸೀತು? ಅದರ ಬೆಲೆ ತೆರುವವರು ಮಾತ್ರ ಬೇರೆ. 2023ರಲ್ಲಿ ಇಂಡಿ ನಿಂಬೆಗೆ ಜಿಐ ಮಾನ್ಯತೆ ದೊರೆಯಿತು. ಅದೇ ನಿಂಬೆಯ ಗಿಡಗಳನ್ನು ಬೆಳೆಗಾರರು ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಉಳಿಸಿಕೊಂಡದ್ದುಂಟು.

ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ಮೂಲತಃ ರೂಪಿಸಿದ್ದು ಲಘು ನೀರಾವರಿ ಬೆಳೆಗಳಿಗಾಗಿ. ಆ ಉದ್ದೇಶಕ್ಕೆ ಮರಳಲು ಮೂರು ಕೆಲಸ ಆಗಬೇಕು. ಕಾಲುವೆಯ ನೀರನ್ನು ನೀರು ಬಳಕೆದಾರರ ಸಂಘಗಳಿಗೆ ಅಳೆದು ಕೊಡಬೇಕು. ಬಿಳಿಜೋಳವನ್ನು ಪಡಿತರಕ್ಕೆ, ಬಿಸಿಯೂಟಕ್ಕೆ ಖಾತರಿಯಾಗಿ ಕೊಳ್ಳಬೇಕು. ಪ್ರತಿ ಗ್ರಾಮ ಪಂಚಾಯಿತಿಯೂ ಬಿತ್ತನೆಗೆ ಮುನ್ನ ತನ್ನ ಮಳೆ, ಕೆರೆ, ಅಂತರ್ಜಲಗಳ ಆಯವ್ಯಯವನ್ನು ಗ್ರಾಮಸಭೆಯ ಮುಂದಿಡಬೇಕು.

ಹಣದ ಬಜೆಟ್ಟಿನಲ್ಲಿ ಕೊರತೆ ಬಿದ್ದರೆ ಸರ್ಕಾರ ಸಾಲ ತರಬಹುದು. ನೀರಿನ ಬಜೆಟ್ಟಿನಲ್ಲಿ ಸಾಲ ಕೊಡಲು ಇರುವುದು ಅಂತರ್ಜಲ ಒಂದೇ, ಮತ್ತು ಆ ಸಾಲ ತೀರಿಸಬೇಕಾದವರು ನಮ್ಮ ಮೊಮ್ಮಕ್ಕಳು.