ಆಟದ ಯಂತ್ರದ ಆಯ್ಕೆ: ಕಂಪ್ಯೂಟರೋ, ಕನ್ಸೋಲೋ?

ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಅಂಗಳವೆಂಬುದು ಅಪರೂಪದ ವಸ್ತು. ಶಾಲೆ, ಟ್ಯೂಷನ್, ಬಸ್ಸು-ರೈಲುಗಳ ಪ್ರಯಾಣ ಇವುಗಳ ನಡುವೆ ದೊರೆಯುವ ಅಲ್ಪ ಬಿಡುವನ್ನು ಅವರು ತೆರೆಯ ಮೇಲಿನ ಆಟಗಳಲ್ಲಿ ಕಳೆಯಬಯಸುವುದು ಸಹಜ. ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ತಲೆದೋರುತ್ತದೆ: ಆಟಕ್ಕೆ ತಕ್ಕ ಕಂಪ್ಯೂಟರ್ ಬೇಕು, ಇಲ್ಲವೇ ಟಿ.ವಿ.ಗೆ ಜೋಡಿಸುವ ಕನ್ಸೋಲ್ ಬೇಕು. ಮನೆಬಾಡಿಗೆ ಅಥವಾ ಸಾಲದ ಕಂತು ಕಟ್ಟಿ ಉಳಿದುದರಲ್ಲಿ ಸಂಸಾರ ತೂಗಿಸುವವರಿಗೆ ಇದು ಸಣ್ಣ ನಿರ್ಧಾರವಲ್ಲ. ಕನ್ಸೋಲ್‌ಗಳು ಇಷ್ಟೊಂದು ಸಮರ್ಥವಾಗಿರುವ ಈ ಕಾಲದಲ್ಲಿ, ಆಟಕ್ಕಾಗಿ ಕಂಪ್ಯೂಟರಿನ ಮೇಲೆ ಹಣ ಹೂಡುವುದು ಇನ್ನೂ ಯೋಗ್ಯವೇ ಎಂಬುದನ್ನು ವಿವೇಚಿಸುವುದು ಉಚಿತ.

ಇವೆರಡರಲ್ಲಿ ಕಂಪ್ಯೂಟರಿನ ಆಟವೇ ಹಿರಿಯದು. 1962ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ‘ಸ್ಪೇಸ್‌ವಾರ್’ ಎಂಬ ಆಟ ರೂಪುಗೊಂಡಿತು. ಮನೆಯ ಟಿ.ವಿ.ಗೆ ಜೋಡಿಸುವ ಮೊದಲ ಕನ್ಸೋಲ್ ‘ಮ್ಯಾಗ್ನಾವಾಕ್ಸ್ ಒಡಿಸ್ಸಿ’ ಮಾರುಕಟ್ಟೆಗೆ ಬಂದುದು 1972ರಲ್ಲಿ. ನಮ್ಮ ನಗರಗಳಲ್ಲಿ 1990ರ ದಶಕದ ಮಕ್ಕಳು ಕ್ಯಾಸೆಟ್ ಹಾಕಿ ಆಡುವ ಅಗ್ಗದ ವಿಡಿಯೋ ಗೇಮ್‌ಗಳನ್ನು ಬಲ್ಲರು. ಅನಂತರದ ಪೀಳಿಗೆಯವರು ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಆಡಿದವರು.

ಕನ್ಸೋಲಿನ ಬೆಲೆ ಅದರ ಸಾಮರ್ಥ್ಯಕ್ಕೆ ಹೋಲಿಸಿದರೆ ಕಡಿಮೆಯೆಂದು ತೋರುವುದಕ್ಕೆ ಕಾರಣವಿದೆ. ತಯಾರಕರು ಯಂತ್ರವನ್ನು ಅಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೇ ಮಾರಿ, ಆಟಗಳ ಮಾರಾಟದಲ್ಲಿನ ಪಾಲು ಹಾಗೂ ಚಂದಾ ಹಣದಿಂದ ಆದಾಯ ಪಡೆಯುತ್ತಾರೆ. ಎಕ್ಸ್‌ಬಾಕ್ಸ್ ಕನ್ಸೋಲಿನ ಮಾರಾಟದಿಂದ ಲಾಭವಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿಯೇ ಹೇಳಿದರು. ಕಂಪ್ಯೂಟರಿನಲ್ಲಿ ಇದಕ್ಕೆ ವಿರುದ್ಧ ಕ್ರಮ: ಬಿಡಿಭಾಗಗಳ ಪೂರ್ಣ ಬೆಲೆಯನ್ನು ಮೊದಲೇ ತೆರಬೇಕು, ಆದರೆ ಇತರರೊಡನೆ ಅಂತರಜಾಲದಲ್ಲಿ ಆಡುವುದಕ್ಕೆ ಸಾಮಾನ್ಯವಾಗಿ ಚಂದಾ ಇಲ್ಲ. ಕನ್ಸೋಲಿನಲ್ಲಿ ಉಚಿತ ಆಟಗಳನ್ನು ಬಿಟ್ಟರೆ ಬಹುಪಾಲು ಆಟಗಳಿಗೆ ಈ ಚಂದಾ ಕಟ್ಟಲೇಬೇಕು.

ಕೊಂಚ ಕಾದರೆ ಬೆಲೆ ಇಳಿದೀತೆಂಬ ಹಳೆಯ ನಂಬಿಕೆಯೂ ಈಗ ನಿಲ್ಲದು. 2020ರಲ್ಲಿ ಅಮೆರಿಕದಲ್ಲಿ 499 ಡಾಲರಿಗೆ ಬಂದ ಪ್ಲೇಸ್ಟೇಷನ್ 5, 2025ರ ಆಗಸ್ಟ್‌ನಲ್ಲಿ 549 ಡಾಲರಿಗೆ ಏರಿತು. ಕಂಪ್ಯೂಟರಿನ ಕಥೆಯೂ ಸುಖಕರವಲ್ಲ. ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆಯಿಂದಾಗಿ 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳ ಅಭಾವ ತೀವ್ರವಾಯಿತು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಏರಿತು.

ಆದಕಾರಣ ಅಂಗಡಿಯ ಚೀಟಿಯ ಮೇಲಿನ ಬೆಲೆಯನ್ನಲ್ಲ, ಐದು ವರ್ಷಗಳ ಒಟ್ಟು ವೆಚ್ಚವನ್ನು ನೋಡಬೇಕು. ಕೇವಲ ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳಬಹುದು. ಕನ್ಸೋಲಿಗೆ 50,000 ರೂ., ವರ್ಷಕ್ಕೆ 4,000 ರೂ.ನಂತೆ ಚಂದಾ 20,000 ರೂ., ವರ್ಷಕ್ಕೆ ನಾಲ್ಕು ಆಟಗಳು ತಲಾ 4,000 ರೂ.ನಂತೆ 80,000 ರೂ.; ಒಟ್ಟು 1,50,000 ರೂ. ಕಂಪ್ಯೂಟರಿಗೆ 90,000 ರೂ., ನಡುವೆ ಬಿಡಿಭಾಗ ಬದಲಿಸಲು 15,000 ರೂ., ರಿಯಾಯಿತಿಯ ಕಾಲದಲ್ಲಿ ತಲಾ 2,500 ರೂ.ನಂತೆ ಕೊಂಡ ಅಷ್ಟೇ ಆಟಗಳಿಗೆ 50,000 ರೂ.; ಒಟ್ಟು 1,55,000 ರೂ. ಮೊದಲ ದಿನ 40,000 ರೂ.ನಷ್ಟಿದ್ದ ಅಂತರ ಕೊನೆಗೆ 5,000 ರೂ.ಗೆ ಇಳಿಯಿತು.

ಇಲ್ಲಿಯೇ ನಿರ್ಣಾಯಕವಾದ ಅಂಶವೊಂದಿದೆ. ಮಗನ ಅಥವಾ ಮಗಳ ವ್ಯಾಸಂಗಕ್ಕೆ ಕಂಪ್ಯೂಟರ್ ಹೇಗಿದ್ದರೂ ಬೇಕಾಗಿದ್ದು, ಅದಕ್ಕೆ 40,000 ರೂ. ತೆಗೆದಿರಿಸಿದ್ದರೆ, ಕನ್ಸೋಲ್ ಕೊಳ್ಳುವ ಮನೆ ಆ ಮೊತ್ತವನ್ನು ಬೇರೆಯಾಗಿ ತೆರಬೇಕು. ಅಲ್ಲಿನ ಒಟ್ಟು ವೆಚ್ಚ 1,90,000 ರೂ. ಆಗುತ್ತದೆ. ಆಟದ ಕಂಪ್ಯೂಟರ್ ಕೊಂಡ ಮನೆಯಲ್ಲಾದರೋ ಪಾಠ, ಲೆಕ್ಕಪತ್ರ, ಚಿತ್ರ ರಚನೆ ಎಲ್ಲವೂ ಒಂದೇ ಯಂತ್ರದಲ್ಲಿ ನಡೆಯುತ್ತವೆ. ಮನೆಯಲ್ಲಿ ಆಗಲೇ ಒಳ್ಳೆಯ ಕಂಪ್ಯೂಟರ್ ಇದ್ದರಂತೂ ಗ್ರಾಫಿಕ್ಸ್ ಕಾರ್ಡ್ ಸೇರಿಸುವುದಷ್ಟೇ ಸಾಕಾಗಬಹುದು. ಲ್ಯಾಪ್‌ಟಾಪ್‌ಗೆ ಮಾತ್ರ ಸಾಮಾನ್ಯವಾಗಿ ಈ ಅನುಕೂಲವಿಲ್ಲ.

ಕನ್ಸೋಲಿನ ಪರವಾಗಿ ಹೇಳಬೇಕಾದುದೂ ಇದೆ. ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಗೆಳೆಯರೊಡನೆ ಬದಲಿಸಿಕೊಳ್ಳಬಹುದು. ಇಪ್ಪತ್ತು ಡಿಸ್ಕುಗಳನ್ನೂ ಅರ್ಧ ಬೆಲೆಗೆ ಮಾರಿದರೆ ಮೇಲಿನ ಲೆಕ್ಕದಲ್ಲಿ 40,000 ರೂ. ಉಳಿಯುತ್ತದೆ. ಡಿಸ್ಕ್ ಹಾಕಲು ಸ್ಥಳವಿಲ್ಲದ ಅಗ್ಗದ ಮಾದರಿಯನ್ನು ಕೊಂಡವರಿಗೆ ಈ ಲಾಭವಿಲ್ಲ. ಕಂಪ್ಯೂಟರಿನ ಆಟಗಳು ಖಾತೆಗೆ ಅಂಟಿಕೊಂಡಿರುವುದರಿಂದ ಮಾರಲು ಬಾರವು. ವಿದ್ಯುತ್ತಿನ ವೆಚ್ಚವನ್ನೂ ಮರೆಯಲಾಗದು: 200 ವಾಟ್ ಎಳೆಯುವ ಯಂತ್ರ ಐದು ಗಂಟೆಗೆ ಒಂದು ಯೂನಿಟ್ ಸುಟ್ಟರೆ, 500 ವಾಟ್ ಎಳೆಯುವ ಕಂಪ್ಯೂಟರ್ ಎರಡೇ ಗಂಟೆಯಲ್ಲಿ ಅಷ್ಟನ್ನು ಮುಗಿಸುತ್ತದೆ. ಅಲ್ಲದೆ ಕನ್ಸೋಲಿನ ಮುಂದೆ ಇಬ್ಬರು ಮೂವರು ಜೊತೆಗೂಡಿ ಕುಳಿತು ಆಡುವುದು ಸುಲಭ. ಕಂಪ್ಯೂಟರಿನ ಮುಂದೆ ಸಾಮಾನ್ಯವಾಗಿ ಒಬ್ಬರೇ.

ಆರೋಗ್ಯದ ದೃಷ್ಟಿಯಿಂದ ಯಾವ ಯಂತ್ರವೆಂಬುದಕ್ಕಿಂತ ಎಷ್ಟು ಹೊತ್ತು ಎಂಬುದೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಆಟದ ವ್ಯಸನಕ್ಕೆ ಸ್ಥಾನ ದೊರೆತಿದ್ದು, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮೇಲಾಗುವುದು, ಹಾನಿ ಕಂಡರೂ ನಿಲ್ಲಿಸಲಾಗದಿರುವುದು ಇದರ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ತಂತ್ರಜ್ಞಾನ ವ್ಯಸನಿಗಳಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಯಂತ್ರ ಯಾವುದೇ ಇರಲಿ, ಅದನ್ನು ಮಲಗುವ ಕೋಣೆಯಲ್ಲಿಡದೆ ಎಲ್ಲರೂ ಓಡಾಡುವ ಕಡೆ ಇಡುವುದು, ನಿದ್ರೆಯ ವೇಳೆಯನ್ನು ಅದಕ್ಕೆ ಬಿಟ್ಟುಕೊಡದಿರುವುದು ಕ್ಷೇಮ.

ಒಟ್ಟಿನಲ್ಲಿ, ಕಂಪ್ಯೂಟರಿನ ಆಟ ಇಂದಿಗೂ ಯೋಗ್ಯವೇ. ಆದರೆ ಆ ಯಂತ್ರ ಆಟದ ಹೊರತಾಗಿಯೂ ಮನೆಗೆ ದುಡಿಯುವುದಾದರೆ ಮಾತ್ರ. ಆಟವೊಂದೇ ಉದ್ದೇಶವಾಗಿದ್ದು, ವರ್ಷಕ್ಕೆ ಎರಡು ಮೂರು ಆಟಗಳಲ್ಲಿ ತೃಪ್ತಿಪಡುವವರಿಗೆ ಕನ್ಸೋಲೇ ಮೇಲು. ನೆರೆಮನೆಯವರು ಕೊಂಡರೆಂದು ಸಾಲ ಮಾಡಿ ಅತಿ ದುಬಾರಿ ಯಂತ್ರ ತರುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಕೊಳ್ಳುವ ಮುನ್ನ ಐದು ವರ್ಷಗಳ ಲೆಕ್ಕವನ್ನು ತಂದೆತಾಯಿಗಳೂ ಮಕ್ಕಳೂ ಒಟ್ಟಿಗೆ ಕುಳಿತು ಒಂದು ಹಾಳೆಯ ಮೇಲೆ ಬರೆದರೆ, ಬೇಡಿಕೆಯಿಟ್ಟ ಮಗುವಿಗೇ ಉತ್ತರ ಗೋಚರಿಸುವ ಸಂಭವ ಹೆಚ್ಚು.