ಸೈಕಲ್ಲಿಗೂ ಒಂದು ದೀಪ ಬೇಕು

ಸಂಜೆ ಆರೂವರೆಯ ನಂತರ ಯಾವುದಾದರೂ ತಾಲ್ಲೂಕು ಕೇಂದ್ರದ ಬೈಪಾಸ್ ಬಳಿ ಹತ್ತು ನಿಮಿಷ ನಿಂತು ನೋಡಿ. ಟ್ಯೂಷನ್ ಮುಗಿಸಿದ ಮಕ್ಕಳು, ಡೇರಿಗೆ ಹಾಲು ಹಾಕಿ ಬರುವವರು, ಗಾರೆ ಕೆಲಸ ಮುಗಿಸಿ ಊರಿಗೆ ಹೊರಟವರು ಒಬ್ಬರ ಹಿಂದೊಬ್ಬರು ಸೈಕಲ್ ತುಳಿಯುತ್ತಾ ಹೋಗುತ್ತಿರುತ್ತಾರೆ. ಅವರಲ್ಲಿ ಎಷ್ಟು ಜನರ ಸೈಕಲ್ಲಿಗೆ ದೀಪವಿದೆ ಎಂದು ಎಣಿಸಿ. ಎಣಿಸಲು ಒಂದು ಕೈಯ ಬೆರಳು ಸಾಕಾಗುತ್ತದೆ.

ಬೈಕಿನ ಹೆಡ್‌ಲೈಟ್ ಉರಿಯದಿದ್ದರೆ ಪೊಲೀಸರು ದಂಡ ಹಾಕುತ್ತಾರೆ. ಹಾಗಾದರೆ ಸೈಕಲ್ಲಿಗೆ ಕಾನೂನು ಏನು ಹೇಳುತ್ತದೆ? ನಮ್ಮಲ್ಲಿ ರಸ್ತೆಯ ಮುಖ್ಯ ಕಾನೂನು 1988ರ ಮೋಟಾರು ವಾಹನ ಕಾಯ್ದೆ. ಅದು ಹೆಸರೇ ಹೇಳುವಂತೆ ಯಂತ್ರಶಕ್ತಿಯಿಂದ ಓಡುವ ವಾಹನಗಳಿಗಾಗಿ ಬರೆದದ್ದು. ತುಳಿಯುವ ಸೈಕಲ್ 'ಮೋಟಾರು ವಾಹನ' ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದ್ದರಿಂದಲೇ ಸೈಕಲ್ಲಿಗೆ ಲೈಸೆನ್ಸ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಬಡವರ ವಾಹನಕ್ಕೆ ಈ ಸ್ವಾತಂತ್ರ್ಯ ಇರಲೇಬೇಕು. ಆದರೆ ಬೈಕಿಗೆ ಕಡ್ಡಾಯವಾದ ಹೆಡ್‌ಲೈಟ್, ಟೇಲ್‌ಲೈಟ್‌ಗಳ ನಿಯಮವೂ ಇದೇ ಕಾರಣಕ್ಕೆ ಸೈಕಲ್ಲಿಗೆ ಅನ್ವಯಿಸದೆ ಹೋಯಿತು.

ಹಿಂದೆ ಹೀಗಿರಲಿಲ್ಲ ಎನ್ನುತ್ತಾರೆ ನಮ್ಮ ತಾತ. ಅವರ ಕಾಲದಲ್ಲಿ ಪುರಸಭೆಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತಂತೆ. ದೀಪವಿಲ್ಲದೆ ರಾತ್ರಿ ಹೊರಟವರನ್ನು ಕಾನ್‌ಸ್ಟೇಬಲ್ ನಿಲ್ಲಿಸಿ ಚಕ್ರದ ಗಾಳಿ ಬಿಡುತ್ತಿದ್ದರಂತೆ. ಮೊದಲು ಸೀಮೆಎಣ್ಣೆ ದೀಪ, ಆಮೇಲೆ ಟೈರಿಗೆ ಒತ್ತಿಕೊಂಡು ತಿರುಗುವ ಡೈನಮೋ. ಡೈನಮೋ ಹಾಕಿದರೆ ತುಳಿಯುವುದು ಕಷ್ಟ, ಸೈಕಲ್ ನಿಂತರೆ ದೀಪವೂ ಆರುತ್ತದೆ. ಆದರೂ ರಾತ್ರಿ ಸೈಕಲ್ಲಿಗೆ ದೀಪ ಬೇಕು ಎಂಬ ತಿಳಿವಳಿಕೆ ಜನರಲ್ಲಿತ್ತು. ಬಿಲ್ಲೆ ಹೋಯಿತು, ಡೈನಮೋ ಹೋಯಿತು, ಜೊತೆಗೆ ಆ ಅಭ್ಯಾಸವೂ ಹೋಯಿತು.

ಈಗ ಉಳಿದಿರುವುದು ರಿಫ್ಲೆಕ್ಟರ್. ಸೈಕಲ್ ರಿಫ್ಲೆಕ್ಟರ್‌ಗಳು ಭಾರತೀಯ ಮಾನಕಕ್ಕೆ ತಕ್ಕಂತಿರಬೇಕು, ಅವುಗಳ ಮೇಲೆ ಬಿಐಎಸ್ ಗುರುತು ಇರಬೇಕು ಎಂದು ಕೇಂದ್ರ ಸರ್ಕಾರ 2020ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ರಿಫ್ಲೆಕ್ಟರ್ ಎಂದರೆ ಸಾಲದ ಬೆಳಕು. ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುವುದಷ್ಟೇ ಅದರ ಕೆಲಸ. ಹೆಡ್‌ಲೈಟ್ ನೇರವಾಗಿ ಬೀಳದಿದ್ದರೆ ಅದು ಬರೀ ಪ್ಲಾಸ್ಟಿಕ್ ಚೂರು. ಅಡ್ಡರಸ್ತೆಯಿಂದ ತಿರುಗಿ ಬರುವವನಿಗೆ ಅದು ಕಾಣುವುದು ಕೊನೆ ಗಳಿಗೆಯಲ್ಲಿ. ಕೆಸರು ಮೆತ್ತಿಕೊಂಡರಂತೂ ಮುಗಿಯಿತು. ಮುಂದಿರುವ ಗುಂಡಿಯನ್ನು ಸವಾರನಿಗೆ ತೋರಿಸುವ ಶಕ್ತಿಯೂ ಅದಕ್ಕಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನಿಗೆ ಏನೋ ಕಂಡು, ಅದು ಸೈಕಲ್ ಎಂದು ತಿಳಿದು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೂ 25 ಮೀಟರ್ ದಾಟಿಯಾಯಿತು. ಕಾರು ನಿಲ್ಲಲು ಇನ್ನಷ್ಟು ದೂರ ಬೇಕು. ಕಡು ಬಣ್ಣದ ಬಟ್ಟೆ ತೊಟ್ಟ ಸವಾರ ಡಿಮ್ ಲೈಟಿನಲ್ಲಿ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಗಳ ಪ್ರಕಾರ ದೇಶದಲ್ಲಿ ಅತಿ ಹೆಚ್ಚು ಅಪಘಾತ ನಡೆಯುವುದು ಸಂಜೆ 6ರಿಂದ 9ರ ನಡುವೆ. ನಾವು ಎಣಿಸಲು ನಿಂತ ಆ ಸೈಕಲ್ಲುಗಳು ಮನೆಗೆ ಮರಳುವ ಹೊತ್ತೂ ಅದೇ.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಬ್ರಿಟನ್ನಿನ 1989ರ ನಿಯಮದ ಪ್ರಕಾರ ಸೂರ್ಯ ಮುಳುಗಿದ ಮೇಲೆ ಸೈಕಲ್ಲಿನ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಮತ್ತು ಕೆಂಪು ರಿಫ್ಲೆಕ್ಟರ್ ಇರಬೇಕು. 1985ರ ಅಕ್ಟೋಬರ್ ನಂತರ ತಯಾರಾದ ಸೈಕಲ್ಲಾದರೆ ಪೆಡಲ್‌ಗಳಿಗೂ ರಿಫ್ಲೆಕ್ಟರ್ ಬೇಕು. ಮೇಲೆ ಕೆಳಗೆ ಚಲಿಸುವ ಆ ಎರಡು ಚುಕ್ಕಿ ಕಂಡರೆ ಮುಂದಿರುವುದು ಸೈಕಲ್ಲೇ ಎಂದು ದೂರದಿಂದಲೇ ಗೊತ್ತಾಗುತ್ತದೆ. ಮಿನುಗುವ ದೀಪಕ್ಕೆ ಅಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಜರ್ಮನಿಯಲ್ಲಿ ಹಗುರವಾದ ರೇಸ್ ಸೈಕಲ್ ಬಿಟ್ಟು ಉಳಿದವಕ್ಕೆಲ್ಲ ಡೈನಮೋ ಕಡ್ಡಾಯವಾಗಿತ್ತು. ಬ್ಯಾಟರಿ ದೀಪಗಳು ಸುಧಾರಿಸಿದ ಮೇಲೆ 2013ರಲ್ಲಿ ಅವನ್ನೂ ಒಪ್ಪಿದರು. ಹಗಲು ಹೊತ್ತಿನಲ್ಲಿ ದೀಪ ಕಳಚಿಡಬಹುದು ಎಂದು 2017ರಲ್ಲಿ ನಿಯಮವನ್ನು ಇನ್ನಷ್ಟು ಸಡಿಲಿಸಿದರು. ತಂತ್ರಜ್ಞಾನ ಬದಲಾದಂತೆ ಅಲ್ಲಿ ನಿಯಮವೂ ಬದಲಾಯಿತು, ಕತ್ತಲಲ್ಲಿ ದೀಪ ಬೇಕು ಎಂಬುದು ಮಾತ್ರ ಉಳಿಯಿತು.

ನಮ್ಮಲ್ಲೂ ಈಗ ದಾರಿ ತೆರೆದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಾಗ 138ನೇ ಸೆಕ್ಷನ್‌ಗೆ 1ಎ ಎಂಬ ಉಪವಿಧಿ ಸೇರಿತು. ಯಂತ್ರವಿಲ್ಲದ ವಾಹನಗಳು ಮತ್ತು ಪಾದಚಾರಿಗಳ ಬಗ್ಗೆ ರಸ್ತೆ ಸುರಕ್ಷತೆಯ ದೃಷ್ಟಿಯಿಂದ ನಿಯಮ ಮಾಡುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಗಳಿಗೆ ಕೊಡುತ್ತದೆ. ಈ ನಿಯಮಗಳನ್ನು ಆರು ತಿಂಗಳೊಳಗೆ ರೂಪಿಸಿ ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶನ ನೀಡಿತು. ಆ ನಿಯಮದಲ್ಲಿ ಸೈಕಲ್ ದೀಪಕ್ಕೂ ಒಂದು ಸಾಲು ಇರಲಿ ಎಂಬುದು ನನ್ನ ಆಸೆ.

ಆದರೆ ಆ ಸಾಲು ಯಾರ ಮೇಲೆ ಹೊರೆ ಹೊರಿಸುತ್ತದೆ ಎಂಬುದು ಮುಖ್ಯ. ದಿನಗೂಲಿ ಮುಗಿಸಿ ಮನೆಗೆ ಹೊರಟವನನ್ನು ನಿಲ್ಲಿಸಿ ದಂಡ ಕೇಳಿದರೆ ಅವನ ಅಂದಿನ ಸಂಪಾದನೆಯೇ ಹೋದೀತು. ಅದರ ಬದಲು ಮುಂದೊಂದು ಬಿಳಿ ದೀಪ, ಹಿಂದೊಂದು ಕೆಂಪು ದೀಪ ಇಲ್ಲದ ಸೈಕಲ್ ಅಂಗಡಿಯಿಂದ ಹೊರಗೆ ಬರಬಾರದು ಎಂದು ನಿಯಮವಾಗಲಿ. ಬೆಲ್ಲು, ಸ್ಟ್ಯಾಂಡುಗಳ ಜೊತೆ ಅದೂ ಬರಲಿ. ನಮ್ಮ ರಾಜ್ಯದಲ್ಲಿ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಗಿ, ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ತಲುಪಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಸರ್ಕಾರ ಮತ್ತೆ ಸೈಕಲ್ ಕೊಡುವ ದಿನ ಬಂದರೆ ದೀಪವಿರುವ ಸೈಕಲ್ಲನ್ನೇ ಕೊಡಲಿ. ಚಳಿಗಾಲದಲ್ಲಿ ಸ್ಪೆಷಲ್ ಕ್ಲಾಸ್ ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ.

ನಿಯಮ ಬರುವವರೆಗೆ ನಾವು ಕಾಯಬೇಕಾಗಿಲ್ಲ. ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಚಾರ್ಜ್ ಮಾಡುವ ಪುಟ್ಟ ಎಲ್‌ಇಡಿ ದೀಪಗಳು ಸಿಗುತ್ತವೆ. ಬಿಳಿಯದು ಮುಂದೆ, ಕೆಂಪಿನದು ಹಿಂದೆ. ಅದಲುಬದಲಾದರೆ ಸೈಕಲ್ ಎದುರು ಬರುತ್ತಿದೆಯೋ ಮುಂದೆ ಹೋಗುತ್ತಿದೆಯೋ ತಿಳಿಯದೆ ಚಾಲಕ ಗೊಂದಲಕ್ಕೆ ಬೀಳುತ್ತಾನೆ. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನ್, ಹುಲ್ಲಿನ ಹೊರೆ ಇಡುವವರು ಸೀಟಿನ ಕೆಳಗೆ ದೀಪ ಕಟ್ಟಿದರೆ ಅದು ಮರೆಯಾಗುತ್ತದೆ. ಅವರಿಗೆ ಹಿಂದಿನ ಮಡ್‌ಗಾರ್ಡೇ ಸರಿಯಾದ ಜಾಗ. ದೀಪ ಕೊಳ್ಳಲಾಗದಿದ್ದರೆ ಪೆಡಲ್‌ಗಳಿಗೂ ಹಿಂದಿನ ಮಡ್‌ಗಾರ್ಡಿಗೂ ರೇಡಿಯಂ ಟೇಪ್ ಅಂಟಿಸಿದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗುವ ಗೆಳೆಯರೇ, ಒಂದು ಸಂಜೆ ಹಳ್ಳಿಯ ಸೈಕಲ್ಲುಗಳಿಗೆಲ್ಲ ಟೇಪ್ ಅಂಟಿಸುವ ಕೆಲಸ ಹಾಕಿಕೊಂಡರೆ ಹೇಗೆ?

ಆಯುಧಪೂಜೆಯ ದಿನ ಮನೆಯ ಸೈಕಲ್ಲನ್ನೂ ತೊಳೆದು, ಕುಂಕುಮವಿಟ್ಟು, ಹೂ ಮುಡಿಸುತ್ತೇವಲ್ಲ. ಈ ಸಲ ಒಂದು ದೀಪವನ್ನೂ ಹಾಕಿಸಿ. ಅಪ್ಪನದೋ ತಮ್ಮನದೋ, ಕತ್ತಲಾದ ಮೇಲೆ ಮನೆಗೆ ಬರುವ ಸೈಕಲ್ ಯಾವುದೋ ಅದಕ್ಕೆ ಮೊದಲು.