ಹೂ ಅರಳಲು ಕತ್ತಲೂ ಬೇಕು

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರದ ಕೋಣೆಗಳು ಬಹಳ. 1963ರಲ್ಲಿ ಆರಂಭವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಸೇರಿದಂತೆ ಹಲವು ವಿದ್ಯಾಸಂಸ್ಥೆಗಳಿರುವ ಬಡಾವಣೆ ಇದು. ಮಕ್ಕಳ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಹೆತ್ತವರಿಗೆ ಸಮಾಧಾನ. ಆದರೆ ಅದೇ ಕೋಣೆಯ ಕಿಟಕಿಯಲ್ಲಿ ಕ್ರಿಸ್‌ಮಸ್ ಕಳ್ಳಿಯ ಕುಂಡವಿದ್ದರೆ, ಗಿಡ ಹಸಿರಾಗಿ ನಳನಳಿಸುತ್ತದೆಯೇ ಹೊರತು ಮೊಗ್ಗು ಬಿಡುವುದಿಲ್ಲ. ಗೊಬ್ಬರ ಸಾಲದೆಂದು ಇನ್ನಷ್ಟು ಹಾಕುತ್ತೇವೆ. ಅದು ಕೇಳುತ್ತಿರುವುದು ಗೊಬ್ಬರವನ್ನಲ್ಲ, ಕತ್ತಲನ್ನು!

ಕಳ್ಳಿ ಎಂಬ ಹೆಸರು ಕೇಳಿ ಇದನ್ನು ಮರುಭೂಮಿಯ ಗಿಡವೆಂದು ತಿಳಿಯಬೇಡಿ. ಇದರ ತವರು ಬ್ರೆಜಿಲ್‌ನ ಕರಾವಳಿ ಬೆಟ್ಟಗಳ ತೇವದ ಕಾಡು. ಅಲ್ಲಿ ಮರದ ಕವಲುಗಳಲ್ಲಿ, ಬಂಡೆಯ ಸಂದುಗಳಲ್ಲಿ ಬೆಳೆಯುತ್ತದೆ. ನಾವು ಎಲೆ ಎಂದುಕೊಳ್ಳುವ ಚಪ್ಪಟೆ ತುಣುಕುಗಳು ನಿಜವಾಗಿ ಕಾಂಡಗಳು. ಅವುಗಳ ತುದಿಯಲ್ಲೇ ಗುಲಾಬಿ, ಕೆಂಪು, ಬಿಳಿ ಹೂಗಳು ಅರಳುತ್ತವೆ. ಬ್ರೆಜಿಲ್‌ನಲ್ಲಿ ಇದಕ್ಕೆ ‘ಮೇ ಹೂವು’ ಎಂಬ ಹೆಸರಿದೆ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ನಾಡಿನಲ್ಲಿ ರಾತ್ರಿಗಳು ದೀರ್ಘವಾಗುವುದು ಆ ಹೊತ್ತಿಗೆ.

ಗಿಡಗಳು ಹಗಲು-ರಾತ್ರಿಯ ಉದ್ದವನ್ನು ಗುರುತಿಸಿ ಹೂ ಬಿಡುತ್ತವೆ ಎಂಬುದನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ತಂಬಾಕಿನ ಗಿಡಗಳನ್ನು ದಿನವೂ ಕೆಲ ತಾಸು ಕತ್ತಲಲ್ಲಿಟ್ಟು ಅವರು ಇದನ್ನು ಕಂಡುಕೊಂಡರು. ನಮ್ಮ ಸೇವಂತಿಗೆಯೂ ಇದೇ ಗುಂಪಿನದು. ನಡುರಾತ್ರಿ ದೀಪ ಹಾಕಿದರೆ ಇಂಥ ಗಿಡದ ಪಾಲಿಗೆ ರಾತ್ರಿ ಅಲ್ಲಿಗೇ ತುಂಡಾದಂತೆ.

ದೀಪಾವಳಿ ಮುಗಿದು ರಾತ್ರಿ ತಂಪಾಗತೊಡಗಿದಾಗ ಆರಂಭಿಸಿ. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಕುಂಡದ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿ. ಹಗಲು ನೇರ ಬಿಸಿಲು ಬೀಳದ, ಆದರೆ ಒಳ್ಳೆಯ ಬೆಳಕಿರುವ ಕಿಟಕಿಯಲ್ಲಿಡಿ. ಸುಮಾರು ಆರು ವಾರ ಒಂದು ದಿನವೂ ತಪ್ಪಿಸದಿದ್ದರೆ ಮೊಗ್ಗು ಕಾಣಿಸಿಕೊಳ್ಳುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಹೂ ನಿರೀಕ್ಷಿಸಬಹುದು. ಮೊಗ್ಗು ಬಂದ ಮೇಲೆ ಕುಂಡವನ್ನು ಪದೇ ಪದೇ ಸರಿಸಬೇಡಿ, ಮೊಗ್ಗು ಉದುರೀತು.

ನಮ್ಮ ಎರೆಮಣ್ಣು ನೀರು ಹಿಡಿದಿಡುವುದರಿಂದ ಇದರ ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಮರಳು, ಎಲೆಗೊಬ್ಬರ ಸಮವಾಗಿ ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ತುಂಬಿ. ಮೇಲಿನ ಒಂದಂಗುಲ ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಮಾಳಿಗೆಯ ಮೇಲಿಟ್ಟರೆ ಗಿಡ ಉಳಿಯದು. ಒಳಗೆ ತಂಪಾದ ಮೂಲೆಯಲ್ಲಿಡಿ.

ಮಕ್ಕಳೇ, ನೀವೇ ಒಂದು ಪ್ರಯೋಗ ಮಾಡಿ ನೋಡಿ. ಒಂದೇ ಗಿಡದಿಂದ ಎರಡು-ಮೂರು ತುಣುಕುಗಳಿರುವ ಕಡ್ಡಿಗಳನ್ನು ತಿರುಚಿ ತೆಗೆದು, ಎರಡು ದಿನ ನೆರಳಲ್ಲಿ ಒಣಗಿಸಿ, ಎರಡು ಕುಂಡಗಳಲ್ಲಿ ನೆಡಿ. ಒಂದೆರಡು ವರ್ಷದಲ್ಲಿ ಗಿಡ ಬಲಿತ ಮೇಲೆ, ಒಂದನ್ನು ನಿಮ್ಮ ಓದುವ ದೀಪದ ಬಳಿಯೇ ಬಿಟ್ಟು ಇನ್ನೊಂದಕ್ಕೆ ದಿನವೂ ಪೆಟ್ಟಿಗೆ ಮುಚ್ಚಿ. ಯಾವುದು ಹೂ ಬಿಟ್ಟಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಪೆಟ್ಟಿಗೆ ಮುಚ್ಚುವ ಕೆಲಸ ಅಪ್ಪನೋ ಅವ್ವನೋ ವಹಿಸಿಕೊಳ್ಳಲಿ. ಹಗಲಿನ ದುಡಿಮೆಗೆ ರಾತ್ರಿಯ ವಿಶ್ರಾಂತಿ ಜೊತೆಯಾದಾಗಲೇ ಹೂವೆಂಬುದು ದಿನವೂ ಅವರ ಕಣ್ಣಿಗೆ ಬೀಳುತ್ತದೆ. ಆಮೇಲೆ ಮಕ್ಕಳ ಕೋಣೆಯ ದೀಪ ಸಕಾಲಕ್ಕೆ ಆರಿದರೂ ಅವರು ಗಾಬರಿಯಾಗಲಾರರು.